ತವರಿನ ದಾರಿಗೆ ಬೇಕಾದ ಸಾಮಾನು

ನಮ್ಮ ಚಿಕ್ಕಪ್ಪ ಜೀಪು ತಂದದ್ದು ಅಜ್ಜಿಯನ್ನು ಅವಳ ತವರಿಗೆ ಕರೆದುಕೊಂಡು ಹೋಗುವುದಕ್ಕೆ. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ನಮ್ಮೂರ ಅರಳಿಕಟ್ಟೆಯಿಂದ ಹಿಡಿದು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನವರೆಗೆ, ಕೇಳಿದವರಿಗೂ ಕೇಳದವರಿಗೂ ಅವನೇ ಹೇಳಿಕೊಂಡು ತಿರುಗಿದ್ದ. ಮನೆಯಲ್ಲಿ ಟ್ರಾಕ್ಟರಿತ್ತು. ಅವನ ಓಡಾಟಕ್ಕೆ ಮೋಟಾರ್ ಬೈಕಿತ್ತು. ಇಷ್ಟೆಲ್ಲ ಇದ್ದೂ ಜೀಪು ಯಾಕೆ ಎಂದು ನಮ್ಮಪ್ಪ ಕೇಳಿಯಾನು ಎಂಬ ಭಯಕ್ಕೆ ಅವನು ಅವ್ವನ ಆಸೆಯನ್ನು ಮುಂದೆ ಮಾಡಿದ. ಹೆತ್ತ ತಾಯಿ ತವರು ನೋಡಬೇಕು ಅಂದರೆ ಬೇಡ ಅನ್ನುವ ಮಗ ಎಲ್ಲಿದ್ದಾನೆ? ಅಪ್ಪ ಹೂಂ ಅಂದ.

ಅಜ್ಜಿಯ ಆಸೆಯಂತೂ ನಿಜವೇ. ನಮ್ಮೂರು ಬೂಕನಕೆರೆಗೆ ಹತ್ತಿರ. ನಾಲೆ ನೀರು, ಕಬ್ಬು, ಭತ್ತ. ಅವಳ ತವರು ನಾಗಮಂಗಲ ತಾಲೂಕಿನ ಕಲ್ಲುಗುಡ್ಡಗಳ ನಡುವಿನ ಒಂದು ಸಣ್ಣ ಊರು. ರಾಗಿ, ಹುರುಳಿ, ಕುರಿ. ಬಸ್ಸು ಟಾರು ರಸ್ತೆಯಲ್ಲಿ ಇಳಿಸಿ ತನ್ನ ಪಾಡಿಗೆ ಹೋಗುತ್ತಿತ್ತು. ಅಲ್ಲಿಂದ ಊರಿಗೆ ಬಂಡೆಗಳ ಮೇಲೆ ಹತ್ತಿ ಇಳಿಯುವ ಗಾಡಿದಾರಿ. ಅಜ್ಜಿಯ ಮಂಡಿ ಆ ದಾರಿ ನಡೆಯುವ ಕಾಲ ಮುಗಿದಿತ್ತು. ಟ್ರಾಕ್ಟರು ಬಂದ ಮೇಲೆ ಎತ್ತು, ಗಾಡಿ ಎರಡನ್ನೂ ಕೊಟ್ಟುಬಿಟ್ಟಿದ್ದೆವು. ಟ್ರೈಲರಿನಲ್ಲಿ ಕೂರಿಸಿದರೆ ಅವಳ ಸೊಂಟ ಉಳಿಯುತ್ತಿರಲಿಲ್ಲ.

ಆ ಊರಲ್ಲಿ ಅವಳವರು ಅಂತ ಉಳಿದಿದ್ದವಳು ಒಬ್ಬಳೇ ತಂಗಿ. ಊರೊಳಗೇ ಮದುವೆಯಾಗಿ ಅಲ್ಲೇ ಉಳಿದವಳು. ನಮಗೆ ಚಿಕ್ಕಜ್ಜಿ. ಅವಳಿಗೆ ಕಣ್ಣು ಮಂಜಾಗಿ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ಒಬ್ಬಳಿಗೆ ಮಂಡಿ, ಇನ್ನೊಬ್ಬಳಿಗೆ ಕಣ್ಣು. ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಎರಡೂ ಊರಿಗೆ ಓಡಾಡುತ್ತಿದ್ದ ಕುರಿ ವ್ಯಾಪಾರದವನೊಬ್ಬನ ಬಾಯಲ್ಲಿ ಇಬ್ಬರೂ ಕ್ಷೇಮ ಸಮಾಚಾರ ಕಳಿಸಿಕೊಳ್ಳುತ್ತಿದ್ದರು. ಅವನೋ ಅರ್ಧ ದಾರಿಯಲ್ಲಿ ಮರೆತು, ಉಳಿದರ್ಧವನ್ನು ತಾನೇ ಸೇರಿಸಿ ಹೇಳುವ ಆಸಾಮಿ. ಆದರೂ ಅವನು ಬಂದರೆ ಅಜ್ಜಿ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ.

ಜೀಪು ಬಂದದ್ದು ಬೆಳಗೊಳದ ಕಡೆಯ ಒಬ್ಬ ಕಂಟ್ರಾಕ್ಟರನಿಂದ. ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗ ಬಿ.ಎ. ಮುಗಿಸಿ, ಕೆ.ಆರ್. ಪೇಟೆಯಲ್ಲಿ ಟೈಪಿಂಗ್ ಕಲಿಯುತ್ತಾ, ಹೆಣ್ಣು ನೋಡಲು ಬರುವವರಿಗೆ ಉಪ್ಪಿಟ್ಟು ಕೇಸರಿಬಾತು ಮಾಡಿ ಮಾಡಿ ಸಾಕಾಗಿದ್ದೆ. ಜೀಪಿಗೆ ಕ್ಯಾನ್ವಾಸ್ ಟಾಪು, ಹಸಿರೋ ಬೂದಿಯೋ ಹೇಳಲಾಗದ ಬಣ್ಣ, ತಗ್ಗು ಮೈ. ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ ಮೇಲೆ ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ, ಮುಂದಿನ ಸೀಟಿಗೆ ಹತ್ತಿ ಕೂತಳು. ಊರು ಒಂದು ಸುತ್ತು ಹಾಕಿಸಿಕೊಂಡು ಬಂದು ಇಳಿದವಳೇ ಕುರಿ ವ್ಯಾಪಾರದವನನ್ನು ಕರೆಸಿದಳು.

"ನನ್ ಮಗ ಜೀಪ್ ತಂದವ್ನೆ. ಬರೋ ವಾರ ಬತ್ತೀನಿ ಅಂತ ನಮ್ ತಂಗಿಗೆ ಏಳ್ಬುಡು," ಅಂದಳು.

ಆ ಬರೋ ವಾರ ಬರಲಿಲ್ಲ. ಕಾರಣ ಶ್ರೀರಂಗಪಟ್ಟಣ.

ಶ್ರೀರಂಗಪಟ್ಟಣದಲ್ಲಿ, ಮೈಸೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಜೀಪು ವ್ಯಾನುಗಳಿಗೆ ಸೀಟು, ಟಾಪು, ದೀಪ, ಗಾರ್ಡು ಹಾಕಿಕೊಡುವ ಒಂದು ಅಂಗಡಿ ಇತ್ತು. ಚಿಕ್ಕಪ್ಪ ಅಲ್ಲಿಗೆ ಹೋದದ್ದು ಹರಿದ ಸೀಟು ಹೊಲಿಸುವುದಕ್ಕೆ. ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ, ಅಂಥ ನಾಲಿಗೆಯನ್ನು ನಾನು ಕಂಡದ್ದು ಆ ಅಂಗಡಿಯವನಲ್ಲಿ. ಹರಿದ ಸೀಟನ್ನು ಅವನು ನೋಡಲೇ ಇಲ್ಲವಂತೆ. ಜೀಪಿನ ಮೂತಿಯನ್ನು ನೋಡಿ, ಹಣೆ ಚಚ್ಚಿಕೊಂಡು, "ಏನು ಸಾಹುಕಾರ್ರೇ, ಇಂಗೆ ಬೋಳುಮೂತಿ ಬುಟ್ಕಂಡು ತಿರುಗ್ತಾ ಇದೀರಲ್ಲ, ಎಲ್ಲಿಗೆ ಓಗ್ಬೇಕು ಜೀಪು?" ಎಂದು ಕೇಳಿದನಂತೆ. ಚಿಕ್ಕಪ್ಪ ನಾಗಮಂಗಲದ ಕಲ್ಲುದಾರಿಯ ವಿಷಯ ಹೇಳಿದ. ಅಲ್ಲಿಗೆ ಮೀನು ಗಾಳಕ್ಕೆ ಬಿತ್ತು.

ಸಂಜೆ ಜೀಪು ಮನೆಗೆ ಬಂದಾಗ ಅದರ ಮುಂದೆ ಒಂದು ಗೇಟು ನಿಂತಿತ್ತು. ದಪ್ಪ ಸ್ಟೀಲ್ ಪೈಪುಗಳನ್ನು ಬಗ್ಗಿಸಿ ಮಾಡಿದ ಗಾರ್ಡು, ಅದರ ನಡುವೆ ತಾಂಬಾಳದಷ್ಟು ಅಗಲದ ಉಬ್ಬು ತಗಡು, ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಾದಷ್ಟು ಹೊಳಪು. ಹರಿದ ಸೀಟು ಹರಿದೇ ಇತ್ತು.

"ಇದ್ಯಾಕ್ಲಾ?" ಅಂದಳು ಅಜ್ಜಿ.

"ದನಗಿನ ಅಡ್ಡ ಬಂದ್ರೆ ಜೀಪಿಗೆ ಪೆಟ್ಟಾಗ್ಬಾರ್ದು ಕಣವ್ವ. ನಿನ್ ತವರಿನ ದಾರೀಗೆ ಇದು ಬೇಕೇ ಬೇಕು."

"ದನಕ್ಕೆ ಪೆಟ್ಟಾದ್ರೆ?"

ಅದನ್ನು ಅಂಗಡಿಯವನು ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಶುರುವಾಯಿತು. ಪ್ರತಿ ಸಾಮಾನೂ ನಮ್ಮ ಮನೆಗೆ ಬಂದದ್ದು ತವರಿನ ದಾರಿಯ ಹೆಸರಲ್ಲಿ. ಮಂಜು ಸೀಳುವ ಹಳದಿ ದೀಪಗಳು ಬಂದವು. ನಾಗಮಂಗಲದ ಬಯಲಲ್ಲಿ ಬೇಸಿಗೆಯ ಬಿಸಿಲಿಗೆ ಓತಿಕ್ಯಾತವೂ ನೆರಳು ಹುಡುಕುತ್ತದೆ. ಅಲ್ಲಿ ಮಂಜೆಲ್ಲಿಯದು ಎಂದು ಕೇಳಿದ್ದಕ್ಕೆ "ನಿಂಗೊತ್ತಾಗಲ್ಲ ಕಣಮ್ಮಿ" ಎಂದು ನನ್ನ ಬಾಯಿ ಮುಚ್ಚಿಸಿದ. ಗುಡ್ಡದ ತಿರುವಿಗೆ ಬೇಕು ಎಂದು ಏರ್ ಹಾರನ್ನು ಬಂತು. ಅದರ ಕೂಗಿಗೆ ನಮ್ಮ ಹಸು ಕಾಲಲ್ಲಿ ಹಾಲಿನ ತಂಬಿಗೆ ಒದ್ದು, ಮುಂದೆ ಜೀಪು ಕಂಡರೇ ಹಾಲು ಇಳಿಸುವುದಿಲ್ಲ ಎಂದು ಹಟ ಹಿಡಿಯಿತು. ಕೆಸರಲ್ಲಿ ಹೂತರೆ ಮರಕ್ಕೆ ಕಟ್ಟಿ ಎಳೆದುಕೊಳ್ಳಲು ಕೈಯಲ್ಲಿ ತಿರುಗಿಸುವ ರಾಟೆ, ಅದಕ್ಕೆ ಉಕ್ಕಿನ ಹಗ್ಗ ಬಂತು. ಕೆಸರು ನಮ್ಮ ಗದ್ದೆಯಲ್ಲೇ ಬೇಕಾದಷ್ಟಿತ್ತು. ಆದರೆ ಅಲ್ಲಿಗೆ ಜೀಪು ಇಳಿಸಿದರೆ ಪಾಲಿಶ್ ಹಾಳಾಗುತ್ತದಲ್ಲ! ಪಕ್ಕದ ಮನೆಯವರು ಬಾವಿಯಿಂದ ಮೋಟಾರು ಎತ್ತಲು ಆ ರಾಟೆಯನ್ನು ಕೇಳಿದಾಗ ಚಿಕ್ಕಪ್ಪ ಮೂರು ದಿನ ಮನೆಗೇ ಬರದೆ ತಪ್ಪಿಸಿಕೊಂಡ.

ಹೊಳೆ ದಾಟುವಾಗ ನೀರು ನುಗ್ಗಬಾರದು ಎಂದು ಹೊಗೆಕೊಳವೆಯನ್ನು ಟ್ರಾಕ್ಟರಿನ ಹಾಗೆ ಮೇಲಕ್ಕೆ ತಿರುಗಿಸಿದ್ದಂತೂ ಅಂಗಡಿಯವನ ಪ್ರತಿಭೆಯ ಶಿಖರ. ನಮ್ಮೂರಿಗೂ ಅಜ್ಜಿಯ ತವರಿಗೂ ನಡುವೆ ಇದ್ದ ಹೊಳೆಗೆಲ್ಲ ಸೇತುವೆ ಇತ್ತು. ಎದುರುಗಾಳಿ ಬೀಸಿದಾಗ ಹೊಗೆಯೆಲ್ಲ ಟಾಪಿನೊಳಕ್ಕೇ ಬರುತ್ತಿತ್ತು. ಚಿಕ್ಕಪ್ಪ ಪೇಟೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ಚಿಕ್ಕಮ್ಮ ಅವನ ಬಾಯಿ ಮೂಸಿ ನೋಡುತ್ತಿದ್ದಳು.

ಒಮ್ಮೆ ನಾನೇ ಆ ಅಂಗಡಿಗೆ ಜೊತೆಗೆ ಹೋಗಿದ್ದೆ. ಶ್ರೀರಂಗಪಟ್ಟಣದಲ್ಲಿ ನನಗೆ ಬೇರೆ ಕೆಲಸವಿತ್ತು, ಬಸ್ಸಿನ ಚಾರ್ಜು ಉಳಿಯಿತು ಎಂದು ಜೀಪು ಹತ್ತಿದ್ದೆ. ಇನ್ನು ಹಾಕಿಸಲು ಜಾಗವೇ ಇಲ್ಲವಲ್ಲ ಎಂದು ನಾನಂದೆ. ಅಂಗಡಿಯವನು ನನ್ನತ್ತ ತಿರುಗಿ ಕೈ ಮುಗಿದ. "ತಾಯಿ, ಓದಿರೋರು ನೀವು. ಹೊಸಹೊಳಲು ಗುಡಿ ನೋಡಿದೀರಲ್ಲ? ಗೋಡೆ ಮೇಲೆ ಒಂದಂಗುಲ ಖಾಲಿ ಬುಟ್ಟವ್ರಾ? ಕಲ್ಲಿಗೇ ಅಷ್ಟು ಮಾಡವ್ರೆ, ಇದು ಓಡೋ ಗಾಡಿ. ಸುಮ್ನೆ ಬುಟ್ರೆ ಆಯ್ತದಾ?" ಅಂದ. ನನಗೆ ಸಿಟ್ಟು ಬಂತು, ನಗುವೂ ಬಂತು. ಚಿಕ್ಕಪ್ಪ ಮಾತ್ರ ಆ ಮಾತನ್ನು ದೇವರ ವಾಕ್ಯದ ಹಾಗೆ ಕೇಳಿಸಿಕೊಂಡು ಹಿಂಬದಿಗೆ ಒಂದು ಏಣಿ ಹಾಕಿಸಿದ. ಟಾಪಿನ ಮೇಲೆ ಹತ್ತುವ ಏಣಿ. ಟಾಪು ಬಟ್ಟೆಯದು.

ಇಷ್ಟಕ್ಕೂ ಆ ಜೀಪು ಹೋಗುತ್ತಿದ್ದುದು ಎಲ್ಲಿಗೆ? ಕೆ.ಆರ್. ಪೇಟೆಗೆ ಕಾಫಿ ಕುಡಿಯಲು. ಕಬ್ಬು ಸಾಗಿಸುವ ಕಾಲದಲ್ಲಿ ಪಾಂಡವಪುರದ ಫ್ಯಾಕ್ಟರಿ ಗೇಟಿಗೆ, ಸಾಲುಗಟ್ಟಿ ನಿಂತ ಟ್ರಾಕ್ಟರುಗಳ ಪಕ್ಕದಲ್ಲಿ ನಿಲ್ಲಿಸಿಕೊಂಡು ಹಲ್ಲು ಕಡ್ಡಿ ಕಚ್ಚಲು. ಯಾರದೋ ಮದುವೆಗೆ ಗಂಡಿನ ಮೆರವಣಿಗೆಯ ಮುಂದೆ. ಟಾರು ಬಿಟ್ಟು ಅದರ ಚಕ್ರ ಮಣ್ಣಿಗೆ ಇಳಿದದ್ದು ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಮಾತ್ರ. ಅದಕ್ಕೂ ಅಂಗಳಕ್ಕೆ ನೀರು ಚುಮುಕಿಸಿ ಧೂಳು ಕೂರಿಸಬೇಕಿತ್ತು.

ಕುರಿ ವ್ಯಾಪಾರದವನು ಬಂದಾಗಲೆಲ್ಲ ಹೇಳುತ್ತಿದ್ದ. "ನಿಮ್ ತಂಗಿ ಕೇಳ್ತಾ ಅವ್ಳೆ ಕಣವ್ವ. ಜೀಪ್ ಸದ್ದು ಕೇಳುಸ್ದಾಗೆಲ್ಲ ಜಗುಲಿಗ್ ಬಂದು ಕುಂತ್ಕತಾಳೆ." ಅವನ ಮಾತಿನಲ್ಲಿ ಅರ್ಧ ಸೇರಿಸಿದ್ದು ಅಂತ ನಮಗೆಲ್ಲ ಗೊತ್ತು. ಯಾವ ಅರ್ಧ ಅಂತ ಗೊತ್ತಿರಲಿಲ್ಲ. ಅಜ್ಜಿ ಪ್ರತಿ ಸಲವೂ "ಬರೋ ವಾರ ಅಂತ ಏಳು" ಅನ್ನುತ್ತಿದ್ದಳು. ಆಮೇಲಾಮೇಲೆ "ಬತ್ತೀನಿ ಅಂತ ಏಳು" ಅಂತ ಮಾತ್ರ ಹೇಳಿ ವಾರದ ಸುದ್ದಿ ಬಿಟ್ಟಳು.

ಮಗನಿಗೂ ಹೇಳದೆ ಬಿಡುತ್ತಿರಲಿಲ್ಲ. "ಅದೇ ದಾರೀಲಿ ನನ್ ಮದುವೆ ದಿಬ್ಬಣ ಎತ್ತಿನ ಗಾಡೀಲಿ ಬಂತು ಕಣ್ಲಾ. ಗಾಡಿಗೇನು ಹಳದಿ ದೀಪ ಇತ್ತಾ?"

"ಆಗಿನ ಕಾಲವೇ ಬೇರೆ ಬುಡವ್ವ."

"ಕಲ್ಲು ಅವೇ ತಾನೇ?"

ಕಡೆಗೆ ಚಕ್ರದ ಸರದಿ ಬಂತು. ಬಂಡೆ ದಾರಿಯಲ್ಲಿ ಜೀಪಿನ ಹೊಟ್ಟೆ ಕಲ್ಲಿಗೆ ತಗಲುತ್ತದೆ, ಎತ್ತರಿಸಬೇಕು ಎಂದು ಅಂಗಡಿಯವನು ಹೇಳಿದ್ದ. ಅಡಿಯ ಕಮಾನು ಪಟ್ಟಿಗಳಿಗೆ ಇನ್ನಷ್ಟು ಪಟ್ಟಿ ಸೇರಿಸಿ, ಮಿಲಿಟರಿ ಗಾಡಿಯದು ಅನ್ನಿಸುವ ದಪ್ಪ ದಪ್ಪ ಟೈರು ಹಾಕಿಸಿಕೊಂಡು ಚಿಕ್ಕಪ್ಪ ಬಂದ. ಜೀಪು ಈಗ ನಮ್ಮ ಜಗುಲಿಗಿಂತ ಎತ್ತರ. ಅದು ನಿಂತರೆ ಆನೆ ಬಂದು ನಿಂತ ಹಾಗಿತ್ತು. "ಆಯ್ತು ಕಣವ್ವ, ಇನ್ನೇನೂ ಬಾಕಿ ಇಲ್ಲ. ನಾಳೀಕೇ ಒಂಟೋಗವ," ಅಂದ.

ಮಾರನೆಯ ಬೆಳಿಗ್ಗೆ ಅಜ್ಜಿ ಮಡಿಸೀರೆ ಉಟ್ಟು, ನಮ್ಮ ಆಲೆಮನೆಯ ಅಚ್ಚುಬೆಲ್ಲ ಗಂಟು ಕಟ್ಟಿಕೊಂಡು ಬಂದು ಜೀಪಿನ ಪಕ್ಕ ನಿಂತಳು. ನಿಂತೇ ಇದ್ದಳು. ಸೀಟು ಅವಳ ಎದೆಮಟ್ಟಕ್ಕಿತ್ತು. ಕಾಲೆತ್ತಿದರೆ ಕಾಲು ಸಾಲದು, ಕೈ ಎತ್ತಿದರೆ ಹಿಡಿಯಲು ಏನೂ ಇಲ್ಲ. ಮಣೆ ತಂದಿಟ್ಟೆವು, ಸಾಲಲಿಲ್ಲ. ಒರಳುಕಲ್ಲಿನ ಮೇಲೆ ನಿಲ್ಲಿಸಿದೆವು, ಮಂಡಿ ಬಗ್ಗಲಿಲ್ಲ. ಚಿಕ್ಕಪ್ಪ ಹಿಂದಿನಿಂದ ಎತ್ತಲು ಹೋದ.

"ಬುಡ್ಲಾ ಕೈಯ! ನಾನೇನು ರಾಗಿ ಮೂಟೇನಾ?" ಎಂದು ಅಜ್ಜಿ ಗದರಿದಳು. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. "ಇಷ್ಟೆಲ್ಲ ಆಕ್ಸಿದೀಯಲ್ಲ, ಹತ್ತಕ್ಕೆ ಒಂದು ಮೆಟ್ಲು ಆಕ್ಸ್ಲಾ," ಅಂದಳು.

"ಮೆಟ್ಲಾ? ಮೆಟ್ಲು ಕೆಳೀಕೆ ಇಳೀತದೆ ಕಣವ್ವ. ಆ ದಾರೀಲಿ ಕಲ್ಲಿಗೆ ತಗಲ್ತದೆ. ಜೊತೀಗೆ ಲುಕ್ಕೂ ಓಯ್ತದೆ."

ಅವಳ ತವರಿನ ದಾರಿಗೆ ಬೇಡ ಅನ್ನಿಸಿಕೊಂಡ ಸಾಮಾನು ಅದೊಂದೇ. ನನಗೆ ಮೈ ಉರಿದುಹೋಯಿತು. ಹಿಂದೆ ಬಟ್ಟೆ ಟಾಪಿಗೆ ಏಣಿ ಇದೆ, ಮುಂದೆ ಮುದುಕಿಗೆ ಒಂದು ಮೆಟ್ಟಿಲಿಲ್ಲವಾ ಎಂದು ಕೂಗಾಡಿದೆ. ಚಿಕ್ಕಪ್ಪ ಗಾರ್ಡು ಒರೆಸುತ್ತಾ ನಿಂತ. ಅಜ್ಜಿ ಬೆಲ್ಲದ ಗಂಟು ಬಿಚ್ಚಿ ಮಡಕೆಗೆ ಹಾಕಿದಳು.

ಅದಾದ ಮೇಲೆ ಚಿಕ್ಕಪ್ಪನಿಗೂ ಮುಖ ಚಿಕ್ಕದಾಯಿತು. ಅವನು ಕೆಟ್ಟವನಲ್ಲ. ಅವ್ವ ಅಂದರೆ ಪ್ರಾಣ. ಆದರೆ ತಪ್ಪು ಟೈರಿನದು ಅಂತ ಒಪ್ಪಿಕೊಳ್ಳುವುದಕ್ಕಿಂತ ಗ್ರಹಚಾರದ್ದು ಅಂತ ಒಪ್ಪಿಕೊಳ್ಳುವುದು ಅವನಿಗೆ ಸುಲಭ. "ಜೀಪಿಗೆ ದೃಷ್ಟಿ ಬಿದ್ದದೆ. ಅದಕ್ಕೇ ಒಂಟ ಹೊತ್ತಿಗೆಲ್ಲ ಏನಾರ ಒಂದು ಅಡ್ಡ ಬತ್ತದೆ. ಬಸಪ್ಪನ್ ಕೈಲಿ ಪಾದ ಆಕ್ಸವ," ಅಂದ.

ನಮ್ಮ ಕಡೆ ದೇವರಿಗೆ ಬಿಟ್ಟ ಬಸವ ಅಂದರೆ ದೇವರೇ. ಗುಡಿಯ ಬಸವನನ್ನು ಜನ ಮನೆಗೆ ಕರೆಸಿಕೊಳ್ಳುತ್ತಾರೆ. ಮಡಿಬಟ್ಟೆ ಹಾಸಿ, ಮನಸ್ಸಲ್ಲಿದ್ದದ್ದನ್ನು ಕೇಳಿಕೊಳ್ಳುತ್ತಾರೆ. ಬಸವ ಬಟ್ಟೆಯ ಮೇಲೆ ಬಲಗಾಲಿಟ್ಟರೆ ಅಪ್ಪಣೆ ಆಯಿತು ಅಂತ. ಮಗುವಿನ ಕಾಯಿಲೆ, ಹೊಲದ ತಗಾದೆ, ಗಂಡುಹೆಣ್ಣಿನ ಸಂಬಂಧ, ಎಲ್ಲ ತೀರ್ಮಾನವೂ ಅವನ ಕಾಲಲ್ಲಿ. ಜೀಪಿನ ಸಾಮಾನಿನ ತೀರ್ಮಾನಕ್ಕೆ ಅವನನ್ನು ಕರೆಸಿದವರು ತಾಲೂಕಿಗೆಲ್ಲ ನಾವೇ ಮೊದಲಿರಬೇಕು.

ಪಕ್ಕದೂರ ಗುಡಿಯ ಬಸವ ಸೋಮವಾರ ಬೆಳಿಗ್ಗೆ ಬಂದ. ಬಿಳಿ ಮೈ, ಬೆನ್ನಿಗೆ ಜರಿಯ ಹೊದಿಕೆ, ಕೊಂಬಿನ ತುದಿಗೆ ಹಿತ್ತಾಳೆ ಕುಪ್ಪಿಗೆ, ಕೊರಳಿಗೆ ಗಂಟೆ. ಹಿಂದೆ ಗುಡಿಯ ಗುಡ್ಡಪ್ಪ, ಅಂದರೆ ದೇವರ ಸೇವೆ ಮಾಡುವವನು, ಬಸವನ ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿದಿದ್ದ. ದೇವರನ್ನು ಎಳೆಯಬಾರದಲ್ಲ. ಅರ್ಧ ಊರೇ ನಮ್ಮ ಅಂಗಳದಲ್ಲಿ ಸೇರಿತ್ತು. ಚಿಕ್ಕಪ್ಪ ಹಿಂದಿನ ದಿನವೆಲ್ಲ ಕೂತು ಗಾರ್ಡಿಗೆ ಪಾಲಿಶ್ ಕೊಟ್ಟಿದ್ದ. ಅದರ ಉಬ್ಬು ತಗಡಿನಲ್ಲಿ ನಮ್ಮ ಇಡೀ ಬೀದಿ ಕಾಣುತ್ತಿತ್ತು. ಅದರ ಮುಂದೆಯೇ ಮಡಿಬಟ್ಟೆ ಹಾಸಿ, ವೀಳ್ಯ ಇಟ್ಟು, ಕೈ ಮುಗಿದು, "ಅಪ್ಪಾ ಬಸಪ್ಪ, ಎಲ್ಲ ಸರಿಯಾಗಿ ಅದೆ ಅಂದ್ರೆ ಪಾದ ಕೊಡಪ್ಪ" ಎಂದು ಕೇಳಿಕೊಂಡ.

ಬಸವ ನಿಧಾನವಾಗಿ ಬಟ್ಟೆಯ ಹತ್ತಿರ ಬಂದ. ವೀಳ್ಯದೆಲೆ ಮೂಸಲು ತಲೆ ಬಗ್ಗಿಸಿದ. ತಲೆ ಎತ್ತಿದಾಗ ಎದುರಿಗೆ, ತಗಡಿನಲ್ಲಿ, ಇನ್ನೊಂದು ಬಸವ ನಿಂತಿತ್ತು. ಉಬ್ಬು ತಗಡಲ್ಲವೇ, ಅದರ ಮೂತಿ ದೊಡ್ಡದು, ಕಣ್ಣು ದೊಡ್ಡದು, ಅದಕ್ಕೂ ಜರಿಯ ಹೊದಿಕೆ. ನಮ್ಮ ಬಸವ ಬುಸ್ ಅಂದ. ಅದೂ ಬುಸ್ ಅಂದಂತೆ ಕಂಡಿರಬೇಕು. ನಮ್ಮವನು ಕಾಲಲ್ಲಿ ಮಣ್ಣು ಕೆರೆದ.

"ದೇವ್ರು ಮೈದುಂಬ್ತಾವ್ನೆ!" ಎಂದು ಯಾರೋ ಕೂಗಿ ಅಡ್ಡಬಿದ್ದರು.

ಮುಂದಿನದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಯಿತು. ಬಸವ ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಲೆ ತಗ್ಗಿಸಿ, ಗಾರ್ಡಿಗೆ ಧಡಾರನೆ ಗುದ್ದಿದ. ತಗಡು ಒಳಗೆ ಹೋಯಿತು, ಹಳದಿ ದೀಪಗಳು ಚೂರಾದವು, ಎಲ್ಲಿಯ ವೈರು ಎಲ್ಲಿಗೆ ತಗುಲಿತೋ, ಏರ್ ಹಾರನ್ನು ತಾನಾಗಿಯೇ ಹೊಡೆದುಕೊಳ್ಳತೊಡಗಿತು. ಆ ಸದ್ದಿಗೆ ಬಸವ ಬಾಲ ಎತ್ತಿಕೊಂಡು ನಮ್ಮ ಕಬ್ಬಿನ ಗದ್ದೆಗೆ ನುಗ್ಗಿದ. ಗುಡ್ಡಪ್ಪ ಎರಡು ಬೆರಳು ಬಿಟ್ಟು ಎರಡೂ ಕೈಯಲ್ಲಿ ಹಗ್ಗ ಹಿಡಿಯಲು ಅವನ ಹಿಂದೆ ಓಡಿದ. ಅಪ್ಪ ಬ್ಯಾಟರಿಯ ವೈರು ಕಿತ್ತ ಮೇಲೆ ಊರು ಸ್ತಬ್ಧವಾಯಿತು.

ಆಗ ಶುರುವಾಯಿತು ಚರ್ಚೆ. ದನ ತನ್ನ ಬಿಂಬಕ್ಕೆ ಹೆದರಿತು ಅನ್ನುವುದು ಅಲ್ಲಿದ್ದ ಹಸುಗೂಸಿಗೂ ಗೊತ್ತಾಗುವಂತಿತ್ತು. ಚಿಕ್ಕಪ್ಪನೇ ಮೊದಲು ಬಾಯಿಬಿಟ್ಟ. "ತಗಡಲ್ಲಿ ತನ್ ಮೊಕ ಕಂಡು ಗುದ್ದುದ ಅಷ್ಟೇಯ."

ಬಸವನನ್ನು ಹಿಡಿದು ತಂದ ಗುಡ್ಡಪ್ಪ ಕಬ್ಬಿನ ಸೋಗೆ ಮೈಮೇಲೆಲ್ಲ ಕುಯ್ದು ಉರಿಯುತ್ತಿದ್ದ. "ಏನಂದೆ? ದೇವ್ರಿಗೆ ತನ್ ಮೊಕ ತನಗೇ ಗೊತ್ತಿಲ್ವಾ? ಮೂರ್ ಲೋಕ ತಿಳ್ದೋನು, ಜೀಪಿನ್ ತಗಡಲ್ಲಿ ಏಮಾರ್ತಾನಾ?"

ಮೊಕ ಕಂಡು ಗುದ್ದಿದ ಅಂದರೆ ದೇವರಲ್ಲ ಅಂದ ಹಾಗಾಯಿತು. ದೇವರು ಅಂದರೆ ಜೀಪು ಬೇಡ ಅಂದ ಹಾಗಾಯಿತು. ಕರೆಸಿದವನೇ ಚಿಕ್ಕಪ್ಪ. ತಾನು ತೋಡಿದ ಗುಂಡಿಗೆ ತಾನೇ ಬಿದ್ದು ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತ. ಊರ ಯಜಮಾನರು ಕೆಮ್ಮಿ, ಎಲೆಯಡಿಕೆ ಉಗಿದು, ಬಸಪ್ಪ ಏನೋ ಒಲ್ಲೆ ಅಂದವ್ನೆ, ಏನನ್ನ ಅಂತ ಮನೇವ್ರೇ ಯೋಚ್ನೆ ಮಾಡಿ ಅಂದರು.

ಜಗುಲಿಯ ಮೇಲೆ ಕೂತಿದ್ದ ಅಜ್ಜಿ ಎದ್ದು ನಿಂತಳು. ಬಸವನಿಗೆ ಕೈ ಮುಗಿದಳು. "ಇನ್ನೇನ್ಲಾ ಯೋಚ್ನೆ? ಆಕ್ಸಿರೋದ್ನೆಲ್ಲ ಬಿಚ್ಚು ಅಂದವ್ನೆ ಬಸಪ್ಪ. ಗೇಟು, ದೀಪ, ಹಾರನ್ನು, ಕೊಳವೆ, ಏಣಿ. ಚಕ್ರಾನೂವೆ."

"ಚಕ್ರಕ್ಕೆ ಗುದ್ಲಿಲ್ವಲ್ಲವ್ವ?"

"ಗುದ್ದಕ್ಕೆ ನೀನೆಲ್ಲಿ ಹೊತ್ತು ಕೊಟ್ಟೆ? ನಿನ್ ಹಾರನ್ ಕೂಗಿ ಓಡುಸ್ಬುಡ್ತಲ್ಲ."

ಗುಡ್ಡಪ್ಪ ತಲೆಯಾಡಿಸಿದ. ಯಜಮಾನರು ತಲೆಯಾಡಿಸಿದರು. ಅಪ್ಪ ತನ್ನ ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕ. ಅಜ್ಜಿಗೆ ಬಸವ ಯಾಕೆ ಗುದ್ದಿದ ಅಂತ ಗೊತ್ತಿತ್ತೋ ಇಲ್ಲವೋ ಎಂದು ನಾನು ಆಮೇಲೆ ಕೇಳಿದ್ದೆ. "ನಿಂಗ್ಯಾಕಮ್ಮಿ ಅದೆಲ್ಲ, ನಾಕ್ ಅಚ್ಚು ಬೆಲ್ಲ ಕಟ್ಟು," ಅಂದಳು.

ಶ್ರೀರಂಗಪಟ್ಟಣದ ಅಂಗಡಿಯವನು ಹಾಕಿದಷ್ಟೇ ಸಂಭ್ರಮದಿಂದ ಎಲ್ಲ ಬಿಚ್ಚಿದ. ದೇವರ ಅಪ್ಪಣೆ ಎಂದು ಕೇಳಿ ಕೈ ಮುಗಿದ. ಕೆಲವೇ ದಿನಗಳಲ್ಲಿ ಆ ಗಾರ್ಡು, ತಗಡು ತಟ್ಟಿ ಸರಿಮಾಡಿಸಿಕೊಂಡು, ಪಾಂಡವಪುರದ ಯಾರದೋ ಜೀಪಿನ ಮುಂದೆ ಓಡಾಡುತ್ತಿದ್ದುದನ್ನು ನಾನೇ ಕಂಡೆ. ಅವರ ಮನೆಯಲ್ಲೂ ಯಾವುದೋ ಮುದುಕಿಯ ಆಸೆ ಇದ್ದಿರಬೇಕು.

ನಮ್ಮ ಜೀಪು ಮತ್ತೆ ಬೋಳುಮೂತಿಯ ತಗ್ಗು ಜೀಪಾಯಿತು. ಕೊಯ್ಲು ಮುಗಿದು ಬಿಸಿಲು ಏರುತ್ತಿದ್ದ ಕಾಲ. ಅಜ್ಜಿ ನೆರಿಗೆ ಎತ್ತಿಕೊಂಡು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಹಿಂದೆ ನಾನು, ಬೆಲ್ಲದ ಗಂಟು. ನಾಗಮಂಗಲದ ಕಡೆ ಟಾರು ರಸ್ತೆ ಮುಗಿದು ಗಾಡಿದಾರಿ ಶುರುವಾದಾಗ ಚಿಕ್ಕಪ್ಪ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಜೀಪು ಸ್ವಲ್ಪ ಕುಲುಕಾಡಿತು, ಒಂದು ಕಡೆ ಹಿಂದಕ್ಕೆ ಬಂದು ಮತ್ತೆ ಹತ್ತಿತು, ಬಂಡೆ ಇಳಿಯಿತು. ದಾರಿ ಮುಗಿದೇಹೋಯಿತು. ದನ ಅಡ್ಡ ಬರಲಿಲ್ಲ. ಮಂಜು ಇರಲಿಲ್ಲ. ಎಲ್ಲೂ ಹೊಟ್ಟೆ ತಗಲಲಿಲ್ಲ.

"ಇಷ್ಟೇ ಕಣ್ಲಾ ದಾರಿ," ಅಂದಳು ಅಜ್ಜಿ. ಸಿಟ್ಟಿನಿಂದ ಅನ್ನಲಿಲ್ಲ. ಚಿಕ್ಕಪ್ಪ ಜೀಪನ್ನು ಚಿಕ್ಕಜ್ಜಿಯ ಅಂಗಳಕ್ಕೆ ತಿರುಗಿಸಿದ.

ಜೀಪಿನ ಸದ್ದಿಗೆ ಚಿಕ್ಕಜ್ಜಿಯ ಸೊಸೆ ಹೊರಗೆ ಬಂದಳು. ಅಜ್ಜಿಯನ್ನು ಕಂಡು ಕಣ್ಣಿಗೆ ಸೆರಗು ಹಚ್ಚಿದಳು. "ಈಗ ಬಂದ್ರಾ ದೊಡ್ಡತ್ತೆ? ಓದ್ ಮಳೆಗಾಲದ್ ಗಂಟ ದನಿ ಕೇಳಿದ್ರೆ ಎಲ್ಲಾರ್ ಗುರ್ತೂ ಹಿಡಿಯೋರು. ಈಗ ನನ್ನೇ ಯಾರು ಅಂತಾರೆ," ಅಂದಳು.

ಚಿಕ್ಕಜ್ಜಿ ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಕೈಗೂಸಿನಷ್ಟಾಗಿದ್ದಳು. ಅಜ್ಜಿ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತು ಅವಳ ಕೈ ತೆಗೆದುಕೊಂಡಳು. "ನಾನು ಕಣೇ," ಅಂದಳು. ಚಿಕ್ಕಜ್ಜಿ ಆ ಕೈಯನ್ನು ಮೆಲ್ಲಗೆ ಸವರಿದಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾವೂರವ್ವ ನಿಂದು?" ಎಂದು ಕೇಳಿದಳು.

ಅಜ್ಜಿ ನಮ್ಮೂರ ಹೆಸರು ಹೇಳಿದಳು. ಅದನ್ನು ಕೇಳಿ ಚಿಕ್ಕಜ್ಜಿಯ ಮುಖ ಅರಳಿತು. ಹಿಡಿದ ಕೈ ಬಿಗಿಯಾಯಿತು.

"ಅಂಗಾದ್ರೆ ನಮ್ಮಕ್ಕ ಗೊತ್ತಿರ್ಬೇಕಲ್ಲವ್ವ ನಿಂಗೆ? ಅವ್ಳ ಮಗ ಜೀಪ್ ತಂದವ್ನೆ. ಬರೋ ವಾರ ಬತ್ತೀನಿ ಅಂತ ಏಳ್ ಕಳ್ಸವ್ಳೆ. ಅದಕ್ಕೇ ಇಲ್ಲೇ ಕುಂತಿವ್ನಿ."

ಚಿಕ್ಕಪ್ಪ ಅಂಗಳದಲ್ಲಿ, ಜೀಪಿನ ಬೋಳುಮೂತಿಗೆ ಕೈಯೂರಿ ನಿಂತಿದ್ದ. ಅಜ್ಜಿ ಅವನ ಕಡೆ ನೋಡಲಿಲ್ಲ. ತಂಗಿಯ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿದಳು.

"ಬತ್ತಾಳೆ ಕಣವ್ವ," ಅಂದಳು. "ಜೀಪಿಗೆ ಇನ್ನೇನೋ ಒಂದು ಆಕ್ಸಾದು ಅದಂತೆ. ಅದೊಂದ್ ಆಕ್ಸಿಬುಟ್ಟು ಬಂದ್ಬುಡ್ತಾಳೆ."